ಕಪಾಟಕ್ಕನಿಗೆ ಯಾವ ಮಿಷನ್?

ನನ್ನ ತಮ್ಮನ ಹೆಂಡತಿಯನ್ನು ಬೀದಿಯವರೆಲ್ಲ ಕಪಾಟಕ್ಕ ಎಂದು ಕರೆಯುತ್ತಾರೆ. ಕಪಾಟು ಜೋಡಿಸುವುದು ಅವಳ ಕಸುಬು. ಹಲಗೆಗಳು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತವೆ. ಅವನ್ನು ಬಿಚ್ಚಿ, ಜೋಡಿಸಿ, ಗೋಡೆಗೆ ಬಿಗಿದು, ಬಾಗಿಲು ಕಿರ್ರೆನ್ನದ ಹಾಗೆ ಕೂರಿಸಿ ಬರುವುದು ಅವಳ ಕೆಲಸ. ಹೊಸ ಮನೆಯವರು ಫೋನ್ ಮಾಡಿ "ಮೇಸ್ತ್ರಿ ಇದಾರಾ?" ಎಂದು ಕೇಳುತ್ತಾರೆ. "ನಾನೇ, ಹೇಳಿ" ಎನ್ನುತ್ತಾಳೆ. ಆಮೇಲೆ ಕೆಲವರು ಫೋನ್ ಇಟ್ಟುಬಿಡುತ್ತಾರೆ, ಕೆಲವರು ವಿಳಾಸ ಹೇಳುತ್ತಾರೆ. ವಿಳಾಸ ಹೇಳಿದವರು ಮುಂದೆ ಇನ್ನೊಬ್ಬರನ್ನು ಕರೆದದ್ದಿಲ್ಲ.

ನಾನು ಅವಳ ಗಂಡನ ಅಕ್ಕ. ಗಂಡನ ಅಕ್ಕ ಎಂದರೆ ಲೋಕಕ್ಕೆ ಏನು ಅಭಿಪ್ರಾಯ ಎಂದು ನನಗೆ ಗೊತ್ತು, ಅದರಲ್ಲಿ ಅರ್ಧ ನಿಜ ಕೂಡ. ಅವರ ಮನೆಯ ಹಿಂದಿನ ಕೋಣೆಯಲ್ಲಿ ಇದ್ದೇನೆ. ಜೀವಮಾನವೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ಅಲ್ಲಿ ಬಟ್ಟೆ ಒಂದೋ ಕೊಳೆ, ಇಲ್ಲವೋ ಶುಭ್ರ, ನಡುವೆ ಮತ್ತೊಂದು ಇಲ್ಲ. ಹಾಗಾಗಿ ಯಾರಾದರೂ "ಅದೂ ಸರಿ, ಇದೂ ಸರಿ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥ ನನ್ನನ್ನೂ ಒಂದು ಸ್ಕ್ರೂ ಮಿಷನ್ ತಲೆ ಕೆಡಿಸಿ ಕೂರಿಸಿತು.

ಕಸುಬು ಮೊದಲು ನನ್ನ ತಮ್ಮನದೇ. ಅವನು ಬಿಗಿಯುವವನು, ಇವಳು ಹಲಗೆ ಹಿಡಿಯುವವಳು. "ಸ್ವಲ್ಪ ಮೇಲೆ", "ಸ್ವಲ್ಪ ಎಡಕ್ಕೆ", "ಈಗ ಉಸಿರಾಡಬೇಡ". ಮದುವೆಯಾದಾಗಿನಿಂದ ಅವರ ಮಧ್ಯೆ ನಡೆದ ಮಾತುಕತೆ ಹೆಚ್ಚುಕಡಿಮೆ ಇಷ್ಟೇ. ಇಬ್ಬರೂ ಅದರಲ್ಲಿ ಸುಖವಾಗಿಯೇ ಇದ್ದರು. ಒಮ್ಮೆ ಯಾವುದೋ ಕಟ್ಟಡದ ಮೆಟ್ಟಿಲ ಬಳಿ ಏಣಿ ಜಾರಿ ಅವನು ಬಲಭುಜದ ಮೇಲೆ ಬಿದ್ದ. ಮೂಳೆ ಕೂಡಿಕೊಂಡಿತು. ಆದರೆ ಕೈ ಮೊದಲಿನ ಹಾಗೆ ಮೇಲೆ ಏಳಲಿಲ್ಲ. ಕೈ ಮೇಲೆತ್ತಲಾಗದವನು ಕಪಾಟು ಬಿಗಿಯುವುದು ಹೇಗೆ? ಗಿರಾಕಿಗಳು ಕನಿಕರ ತೋರಿಸಿ ಬೇರೆಯವರನ್ನು ಹುಡುಕಿಕೊಂಡರು.

ತಮ್ಮ ಮಂಚ ಬಿಟ್ಟು ಏಳುವುದನ್ನೇ ನಿಲ್ಲಿಸಿದ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ತಟ್ಟೆ ಇಟ್ಟರೆ ಉಂಡ, ಇಡದಿದ್ದರೆ ಇಲ್ಲ. ಸ್ನಾನ ಬಿಟ್ಟ, ಗಡ್ಡ ಬಿಟ್ಟ, ಮಾತನ್ನೂ ಬಿಟ್ಟ. ನಾನು ಬೈದೆ, ಬೇಡಿಕೊಂಡೆ. ಒಂದು ದಿನ ಸಿಟ್ಟಿಗೆ ಅವನ ಹೊದಿಕೆ ಕಿತ್ತುಕೊಂಡು ಹೋಗಿ ನೆನೆಹಾಕಿದೆ. ಅವನು ಹೊದಿಕೆ ಇಲ್ಲದೆಯೇ ಮಲಗಿದ. ಆಗ ಅವನ ಮಿಷನ್ ಎತ್ತಿಕೊಂಡು ಏಣಿ ಹತ್ತಿದವಳು ಇವಳು. ಹಲಗೆ ಹಿಡಿದು ಹಿಡಿದು ಕೆಲಸವೆಲ್ಲ ಕಣ್ಣಿಗೆ ಹತ್ತಿತ್ತು, ಕೈಗೆ ಹತ್ತಿಸಿಕೊಳ್ಳುವುದಷ್ಟೇ ಬಾಕಿಯಿತ್ತು.

ಆ ಮಿಷನ್ನಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಂಪ್ಯಾಕ್ಟ್ ಡ್ರೈವರ್ ಎನ್ನುತ್ತಾರೆ, ಬ್ಯಾಟರಿಯದ್ದು, ವೈರ್ ಇಲ್ಲ. ಸ್ಕ್ರೂ ಸಲೀಸಾಗಿ ಇಳಿಯುವವರೆಗೆ ಸುಮ್ಮನೆ ತಿರುಗುತ್ತದೆ. ಬಿಗಿಯಾಗತೊಡಗಿದರೆ ಒಳಗೊಂದು ಸುತ್ತಿಗೆ ಟಕಟಕಟಕ ಎಂದು ಬಡಿದು ಬಡಿದು ತಿರುಗಿಸುತ್ತದೆ. ಇವರದ್ದು ಬ್ರಶ್ ಇರುವ ಹಳೆಯ ಮಾಡೆಲ್. ಮೋಟಾರಿನ ಎರಡು ಪಕ್ಕಕ್ಕೆ ಒತ್ತಿಕೊಂಡು ಕರೆಂಟು ದಾಟಿಸುವ ಎರಡು ಕರೀ ತುಂಡುಗಳು, ಅವೇ ಬ್ರಶ್. ಕಸುಬಿನವರು ಕಾರ್ಬನ್ ಎನ್ನುತ್ತಾರೆ. ಉಜ್ಜಿ ಉಜ್ಜಿ ಸವೆಯುತ್ತವೆ. ಸವೆದಾಗ ಪಕ್ಕದ ಪುಟ್ಟ ಮುಚ್ಚಳ ತಿರುಗಿಸಿ ತೆಗೆದು ಹೊಸದನ್ನು ಹಾಕಬೇಕು. ಅಷ್ಟೇ ಅದರ ರಿಪೇರಿ.

ಒಂದು ಸಂಜೆ ಕಾರ್ಬನ್ ನಿಜವಾಗಿಯೇ ಸವೆದಿತ್ತು. ಇವಳು ಮಂಚದ ಬಳಿ ಹೋಗಿ, "ರೀ, ಇದು ಎಳೀತಾನೇ ಇಲ್ಲ. ಪಕ್ಕದಲ್ಲಿ ಕಿಡಿ ಬೇರೆ ಬರ್ತಿದೆ. ನಾಳೆ ಕೆಲಸ ಇದೆ" ಎಂದಳು. ಬಹಳ ಹೊತ್ತಿನ ಮೇಲೆ ತಮ್ಮ ಈ ಕಡೆ ಹೊರಳಿದ. ಎದ್ದು ಅಡುಗೆಮನೆಯ ಮೇಜಿಗೆ ಬಂದು ಕೂತ. ದೀಪದ ಕೆಳಗೆ ಮುಚ್ಚಳ ತೆಗೆದು, ಊದಿ, ಒರೆಸಿ, ಹೊಸ ಕಾರ್ಬನ್ ಹಾಕಿ, ಗುಂಡಿ ಒತ್ತಿ ನೋಡಿದ. ಮರುದಿನ ಬೆಳಿಗ್ಗೆ ಯಾರೂ ಹೇಳದೆಯೇ ಗಡ್ಡ ಬೋಳಿಸಿಕೊಂಡ.

ಇವಳು ಅದನ್ನು ಗಮನಿಸಿದಳು. ಅವತ್ತಿನಿಂದ ಅವಳ ಸುಳ್ಳು ಶುರುವಾಯಿತು. ಆಗಾಗ ಕೆಲಸ ಮುಗಿಸಿ ಬಂದವಳೇ "ರೀ, ಯಾಕೋ ಇದಕ್ಕೆ ದಮ್ಮೇ ಇಲ್ಲ" ಎನ್ನುವಳು. ಮತ್ತೊಮ್ಮೆ "ಏನೋ ವಾಸನೆ ಬರ್ತಿದೆ ನೋಡಿ". ಇನ್ನೊಮ್ಮೆ "ನಡುವೆ ನಡುವೆ ನಿಲ್ಲುತ್ತೆ". ತಮ್ಮ ಎದ್ದು ಬಂದು ಮುಚ್ಚಳ ತೆಗೆಯುವನು. ನನಗೆ ಅನುಮಾನ ಬಂದದ್ದು ಒಂದು ದಿನ ಅವಳು ಮೆಟ್ಟಿಲ ಮೇಲೆ ನಿಂತು ಮಿಷನ್ ಓಡಿಸಿ ನೋಡುತ್ತಿದ್ದಾಗ. ಕುದುರೆ ಹಾಗೆ ಓಡುತ್ತಿತ್ತು. ಒಳಗೆ ಕಾಲಿಟ್ಟವಳೇ ಮುಖ ಸಣ್ಣಗೆ ಮಾಡಿ "ರೀ..." ಎಂದು ರಾಗ ಎಳೆದಳು.

"ಏನೇ, ನನ್ನ ತಮ್ಮನ ಕಿವಿಗೆ ಹೂವಿಡ್ತಿದೀಯಾ?" ಎಂದು ಬಚ್ಚಲ ಬಾಗಿಲಲ್ಲಿ ಅಡ್ಡಹಾಕಿದೆ.

"ಸುಮ್ನಿರಿ ಅಕ್ಕ. ಮಿಷನ್ ಬಿಚ್ಚಿದ ಮಾರನೇ ದಿನ ಅವರು ಸ್ನಾನ ಮಾಡ್ತಾರೆ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ತಮ್ಮ ನಿಧಾನವಾಗಿ ಮನುಷ್ಯನಾಗುತ್ತಿದ್ದ. ಹಗಲು ಹೊತ್ತು ಕುರ್ಚಿಯಲ್ಲಿ ಕೂರುತ್ತಿದ್ದ, ಬಾಲ್ಕನಿಗೆ ಬರುತ್ತಿದ್ದ. ಮಿಷನ್ ಬಗ್ಗೆ ಮಾತಾಡಲು ಬಾಯಿ ಬಿಟ್ಟವನು ಮೆಲ್ಲಗೆ ಬೇರೆ ವಿಷಯಕ್ಕೂ ಬಾಯಿ ಬಿಡತೊಡಗಿದ. ಒಂದು ಸುಳ್ಳಿನಿಂದ ಇಷ್ಟು ಒಳ್ಳೆಯದಾಗುವುದಾದರೆ ಆಗಲಿ ಎಂದುಕೊಂಡೆ.

ಹೀಗಿರುವಾಗ ಆ ಮಿಷನ್ ಸತ್ತಿತು. ಒಂದು ಹಾಸ್ಟೆಲ್ಲಿಗೆ ಕೋಣೆಕೋಣೆಗೂ ಕಪಾಟು ಕೂರಿಸುವ ದೊಡ್ಡ ಕೆಲಸ ಇವಳಿಗೆ ಸಿಕ್ಕಿತ್ತು, ಅದು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಯಾರದೋ ಅಡುಗೆಮನೆಯಲ್ಲಿ ಏಣಿಯ ಮೇಲಿದ್ದಾಗ ಮಿಷನ್ನಿನ ಪಕ್ಕದಿಂದ ಹೊಗೆ ಬಂದು ನಿಂತುಹೋಯಿತಂತೆ. ತಮ್ಮ ಅದನ್ನು ಪೂರ್ತಿ ಬಿಚ್ಚಿದ. ಒಳಗೆ ಬಹಳ ಹೊತ್ತು ನೋಡುತ್ತ ಕೂತ. ಏನಾಗಿದೆ ಎಂದು ನಾನು ಕೇಳಿದೆ, ಇವಳು ಕೇಳಿದಳು. "ಹೋಯ್ತು. ಹೊಸದು ತಗೋಬೇಕು" ಎಂದನೇ ಹೊರತು ಬೇರೆ ಮಾತಿಲ್ಲ. ಬಿಡಿಭಾಗಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಮಂಚದ ಕೆಳಗಿಟ್ಟ.

ಅಂಗಡಿಗೆ ಇವಳೂ ನಾನೂ ಇಬ್ಬರೇ ಹೋದೆವು. ಉದ್ದಕ್ಕೆ ಸುರಂಗದ ಹಾಗಿರುವ ಅಂಗಡಿ. ಗೋಡೆ ತುಂಬ ಸ್ಪ್ಯಾನರುಗಳು, ನೆಲದ ಮೇಲೆ ಪೈಪಿನ ಸುರುಳಿಗಳು, ಎಲ್ಲಕ್ಕೂ ಎಣ್ಣೆ ವಾಸನೆ. ಬಾಗಿಲ ಪಕ್ಕ ಮಿಷನ್ ಪರೀಕ್ಷೆ ಮಾಡಲೆಂದೇ ಒಂದು ಮರದ ದಿಮ್ಮಿ. ಅದಕ್ಕೆ ಸ್ಕ್ರೂ ಹೊಡೆದೂ ಹೊಡೆದೂ ಮರವೇ ಕಾಣುತ್ತಿರಲಿಲ್ಲ. ಅಂಗಡಿಯವನು ಎರಡು ಮಿಷನ್ ತಂದಿಟ್ಟ. ನೋಡಲು ಅಣ್ಣತಮ್ಮಂದಿರ ಹಾಗಿದ್ದವು, ಒಂದು ಸ್ವಲ್ಪ ದಪ್ಪ, ಇನ್ನೊಂದು ಗಿಡ್ಡ.

"ಈ ಗಿಡ್ಡದ್ದು ಬ್ರಶ್‌ಲೆಸ್ ಅಕ್ಕ. ಒಳಗೆ ಕಾರ್ಬನ್ನೇ ಇಲ್ಲ. ಉಜ್ಜಲ್ಲ, ಸವೆಯಲ್ಲ, ಬಿಸಿ ಆಗೋದೂ ಕಮ್ಮಿ. ಬ್ಯಾಟರಿ ಜಾಸ್ತಿ ಹೊತ್ತು ಬರುತ್ತೆ. ಇಕ್ಕಟ್ಟಿನ ಮೂಲೆಗೂ ಹೋಗುತ್ತೆ. ತೂಕ ನೋಡಿ, ಇಲ್ಲವೇ ಇಲ್ಲ."

"ಹಾಗಾದ್ರೆ ಇದೇ ಒಳ್ಳೇದು" ಎಂದೆ.

"ಹಂಗಂತ ಹೇಳಕ್ಕಾಗಲ್ಲ ದೊಡ್ಡಮ್ಮ. ಇದರೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತೆ. ಬೋರ್ಡ್ ಕೈಕೊಟ್ರೆ ಮನೇಲಿ ಯಾರೂ ಏನೂ ಮಾಡಕ್ಕಾಗಲ್ಲ. ಬ್ರಶ್‌ದಾದ್ರೆ ಕಾರ್ಬನ್ ಹಾಕ್ಕೊಂಡು ಓಡಿಸ್ತಾನೇ ಇರ್ಬಹುದು. ರೇಟೂ ಕಮ್ಮಿ."

"ಹಾಗಾದ್ರೆ ಅದೇ ಒಳ್ಳೇದು."

"ಹಂಗೂ ಹೇಳಕ್ಕಾಗಲ್ಲ."

"ಮತ್ತೆ ಹೇಗೆ ಹೇಳಕ್ಕಾಗುತ್ತಪ್ಪಾ?"

"ನಿಮಗೆ ಎಂಥಾ ಕೆಲಸಕ್ಕೆ ಬೇಕು ಅನ್ನೋದರ ಮೇಲಿದೆ."

"ಸ್ಕ್ರೂ ಬಿಗಿಯೋದಕ್ಕೆ! ಹಪ್ಪಳ ಲಟ್ಟಿಸೋದಕ್ಕಾ?"

ಅವನು ನಕ್ಕ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನೇ ಕಸುಬು ಮಾಡಿಕೊಂಡ ಮನುಷ್ಯ. ಯಾವುದನ್ನು ಕೊಂಡರೂ ನಾಳೆ ಅವನನ್ನು ಬೈಯುವ ಹಾಗಿಲ್ಲ.

ಇವಳು ಎರಡನ್ನೂ ದಿಮ್ಮಿಯ ಮೇಲೆ ಹೊಡೆದು ನೋಡಿದಳು. ದಪ್ಪದ್ದನ್ನು ಹಿಡಿದಾಗ ಅವಳ ಕೆಳತುಟಿ ಒಳಗೆ ಹೋಯಿತು. ಅದು ನನಗೆ ಹೊಸದಲ್ಲ. ಕೆಲವು ಕಾಲದಿಂದ ಅವಳು ಡಬ್ಬಿಯ ಮುಚ್ಚಳವನ್ನು ಎಡಗೈಯಲ್ಲಿ ತೆಗೆಯುತ್ತಿದ್ದಳು, ಟೀ ಪಾತ್ರೆಯನ್ನು ಎರಡು ಕೈಯಲ್ಲಿ ಬಗ್ಗಿಸುತ್ತಿದ್ದಳು. ಕೇಳಿದರೆ "ಏನಿಲ್ಲ ಬಿಡಿ" ಎನ್ನುವಳು. ಗಿಡ್ಡದ್ದನ್ನು ಹಿಡಿದಾಗ ತುಟಿ ಹಾಗೆ ಹೋಗಲಿಲ್ಲ. ಸ್ಕ್ರೂ ಪೂರ್ತಿ ಇಳಿದ ಮೇಲೂ ಅವಳು ಮಿಷನ್ನನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಕೌಂಟರಿನ ಮೇಲಿಟ್ಟು, "ಬ್ರಶ್‌ದೇ ಸಾಕು. ಮನೇಲಿ ಒಂದ್ಮಾತು ಕೇಳಿ ಬರ್ತೀನಿ" ಎಂದಳು.

ಬೀದಿಗೆ ಬಂದ ಮೇಲೆ, "ಕೈ ನೋವಿಟ್ಕೊಂಡು ಆ ಭಾರ ಹೊರ್ತೀಯಾ?" ಎಂದೆ.

"ಕೈಗೇನಾಗಿದೆ? ಚೆನ್ನಾಗೇ ಇದೆ. ಬ್ರಶ್‌ಲೆಸ್ ತಗೊಂಡ್ರೆ ಅವರು ಬಿಚ್ಚೋದೇನನ್ನ ಅಕ್ಕ?"

ಅವಳ ಲೆಕ್ಕ ನನಗೆ ಅರ್ಥವಾಯಿತು, ಒಪ್ಪಿಗೆಯೂ ಆಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ ಇದು: ಅವಳ ಕೈಗಿಂತ ನನಗೆ ನನ್ನ ತಮ್ಮ ಏಳುವುದೇ ಮುಖ್ಯವಾಗಿತ್ತು. ಬ್ರಶ್ ಇದ್ದರೆ ದೂರು ಇರುತ್ತದೆ. ದೂರು ಇದ್ದರೆ ಅವನು ಏಳುತ್ತಾನೆ. ತೀರ್ಮಾನ ಆಯಿತು, ಇನ್ನು ಮನೆಗೆ ಹೋಗಿ ಹೇಳುವುದಷ್ಟೇ.

ಮನೆಯಲ್ಲಿ ಇವಳು "ಬ್ರಶ್‌ದೇ ತಗೋತೀನಿ ರೀ" ಎಂದಳು. ತಮ್ಮ ಖುಷಿಪಡುತ್ತಾನೆ ಎಂದುಕೊಂಡು ನಾನು ಬಾಗಿಲಿಗೊರಗಿ ನಿಂತಿದ್ದೆ.

"ಬೇಡ. ಬ್ರಶ್‌ಲೆಸ್ ತಗೋ" ಎಂದ.

"ಅಲ್ಲ ರೀ, ಬೋರ್ಡ್ ಹೋದ್ರೆ?"

"ಹೋದಾಗ ನೋಡೋಣ. ಅದು ಹಗುರ."

"ನನಗೇನು ಭಾರ ಆಗಲ್ಲ. ಇದಾದ್ರೆ ನೀವೇ ಕಾರ್ಬನ್ ಹಾಕಿಕೊಡ್ತೀರಿ."

"ಆ ಕಾರ್ಬನ್ ಸಹವಾಸವೇ ಬೇಡ" ಎಂದು ಎದ್ದು ಬಾಲ್ಕನಿಗೆ ಹೋದ.

ನನಗೆ ತಲೆಬುಡ ತಿಳಿಯಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ ಎನ್ನುವುದನ್ನು ಕೇಳಿದ್ದೇನೆ. ಇಲ್ಲಿ ಕೈ ನೋವಿರುವವಳು ಭಾರದ್ದು ಬೇಕು ಎನ್ನುತ್ತಾಳೆ. ಬಿಚ್ಚುವುದರಿಂದಲೇ ಬದುಕಿಕೊಂಡವನು ಬಿಚ್ಚಲು ಬಾರದ್ದು ಬೇಕು ಎನ್ನುತ್ತಾನೆ. ಎತ್ತು ನೀರಿಗೆ ಎಳೆದು ಕೋಣ ಏರಿಗೆ ಎಳೆಯುವ ಬಂಡಿಯಲ್ಲಿ ನಾನು ಕೂತಿದ್ದೆ.

ಕೆಳಗಿನ ಮನೆಯ ಪ್ಲಂಬರನನ್ನು ಕರೆದು ಕೇಳಿದೆ. ಅವನಿಗೂ ಮಿಷನ್ ಸಹವಾಸ ಉಂಟು. ಟೀ ಕುಡಿಯುತ್ತ, "ಅಣ್ಣ ಹೇಳಿದ್ದೇ ಸರಿ, ಈಗೆಲ್ಲ ಬ್ರಶ್‌ಲೆಸ್ಸೇ" ಎಂದ. ನನಗೆ ಸ್ವಲ್ಪ ಸಮಾಧಾನವಾಗುವಷ್ಟರಲ್ಲಿ, "ಆದ್ರೆ ಅತ್ತಿಗೆ ಹೇಳೋದ್ರಲ್ಲೂ ಪಾಯಿಂಟ್ ಇದೆ" ಎಂದ. ನಾನು ಅವನ ಕೈಯಿಂದ ಲೋಟ ಕಿತ್ತುಕೊಂಡೆ. ಲೋಟದಲ್ಲಿ ಇನ್ನೂ ಟೀ ಇತ್ತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದ್ದು ಉಂಡಮೇಲೆ ಶುರುವಾಗುತ್ತಿತ್ತು. ಅದೂ ಜೋರಾಗಿ ಅಲ್ಲ. ಇಬ್ಬರೂ ಮಿಷನ್ನಿನ ಗುಣವನ್ನೇ ಹೇಳುತ್ತಿದ್ದರು, ತಂತಮ್ಮ ಬಗ್ಗೆ ಒಂದು ಮಾತಿಲ್ಲ. ಕೇಳಿ ಕೇಳಿ ನನಗೆ ಒಂದು ಭಯ ಹತ್ತಿಕೊಂಡಿತು. ಇವನಿಗೆ ಸಾಕಾಗಿದೆಯೇ? ಮಾಡಲು ಏನೂ ಉಳಿಯದ ಹಾಗೆ ಮಾಡಿಕೊಂಡು ಮತ್ತೆ ಗೋಡೆಯ ಕಡೆ ತಿರುಗುವ ಯೋಚನೆಯೇ? ಒಮ್ಮೆ ತಿರುಗಿದವನನ್ನು ಎಬ್ಬಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಇನ್ನೊಮ್ಮೆ ತಿರುಗಿದರೆ ಎಬ್ಬಿಸಲು ಇವಳ ಬಳಿಯಾಗಲಿ ನನ್ನ ಬಳಿಯಾಗಲಿ ಏನೂ ಇರಲಿಲ್ಲ.

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ನೇರವಾಗಿ ಕೇಳಿಯೇಬಿಟ್ಟೆ. "ಏನೋ, ಮತ್ತೆ ಮಂಚ ಹಿಡಿಯೋ ಆಸೆನಾ ನಿನಗೆ?"

"ನಿನಗೆ ಅರ್ಥ ಆಗಲ್ಲ ಅಕ್ಕ."

"ಅರ್ಥ ಆಗೋ ಹಾಗೆ ಹೇಳು."

"ನನಗೇ ಪೂರ್ತಿ ಅರ್ಥ ಆಗಿದ್ರೆ ಹೇಳ್ತಿದ್ದೆ" ಎಂದು ನನ್ನ ಕೈಯಿಂದ ಒದ್ದೆ ಟವೆಲ್ ತೆಗೆದುಕೊಂಡು, ಎಡಗೈಯಲ್ಲಿ ತಂತಿಗೆ ಎಸೆದ.

ಹಾಸ್ಟೆಲ್ಲಿನವರು ಫೋನ್ ಮಾಡತೊಡಗಿದರು. ಇನ್ನು ತಡ ಮಾಡುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ತಮ್ಮ ಅಂಗಿ ಹಾಕಿಕೊಂಡು ಬಂದು "ನಡೀರಿ, ನಾನೂ ಬರ್ತೀನಿ" ಎಂದ. ಬಿದ್ದ ಮೇಲೆ ಅವನು ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೊರಟಿರಲಿಲ್ಲ. ಮಂಚದ ಕೆಳಗಿದ್ದ ಗಂಟನ್ನೂ ಚೀಲಕ್ಕೆ ಹಾಕಿಕೊಂಡ. ಇವಳು ಚಪ್ಪಲಿ ಮೆಟ್ಟುತ್ತ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಏನೂ ಗೊತ್ತಾಗಲಿಲ್ಲ.

ಅಂಗಡಿಯಲ್ಲಿ ಹಳೆಯ ಗುರುತಿನವರು "ಏನ್ ಮೇಸ್ತ್ರಿ, ಎಷ್ಟು ದಿನ ಆಯ್ತು!" ಎಂದರು. ತಮ್ಮ ತಲೆಯಾಡಿಸಿ ಸೀದಾ ಕೌಂಟರಿಗೆ ಹೋದ. ಅಂಗಡಿಯವನು ಎಂದಿನಂತೆ ದಿಮ್ಮಿಯನ್ನು ಮುಂದೆ ತಳ್ಳಿದ.

"ಇದರ ಮೇಲೆ ನೋಡಿದ್ರೆ ಏನ್ ಗೊತ್ತಾಗುತ್ತೆ?" ಎಂದ ತಮ್ಮ. "ಸೊಂಟದ ಹತ್ರ ಇಟ್ಕೊಂಡು ಯಾರು ಬೇಕಾದ್ರೂ ಹೊಡೀತಾರೆ. ಕಪಾಟು ಬಿಗಿಯೋದು ತಲೆ ಮೇಲೆ. ಒಂದು ಹಲಗೆ ತಗೊಂಡು ಬಾಗಿಲ ಮೇಲ್ಗಡೆ ಹಿಡ್ಕೊಳ್ಳಪ್ಪ."

ಅಂಗಡಿಯವನು ಸ್ಟೂಲು ಹತ್ತಿ ಹಲಗೆ ಹಿಡಿದು ನಿಂತ. ಇವಳು ಇನ್ನೊಂದು ಸ್ಟೂಲು ಹತ್ತಿದಳು. ತಮ್ಮ ಮೊದಲು ಗಿಡ್ಡದ್ದು ಕೊಟ್ಟ. ಸ್ಕ್ರೂ ಒಳಗೆ ಹೋಯಿತು. "ಈಗ ಅದು" ಎಂದು ಬ್ರಶ್‌ದು ಕೊಟ್ಟ. ಮೊದಲನೆಯ ಸ್ಕ್ರೂ ಹೇಗೋ ಇಳಿಸಿದಳು. ಎರಡನೆಯದು ಅರ್ಧ ಇಳಿದು ಟಕಟಕ ಶುರುವಾಗುತ್ತಿದ್ದ ಹಾಗೆ ಅವಳ ಮಣಿಕಟ್ಟು ಸೋತಿತು. ಮಿಷನ್ ಜಾರಿ ಹಲಗೆಯ ಮೇಲೆ ಉದ್ದಕ್ಕೆ ಗೀರಿತು. ಅಂಗಡಿಯವನು "ಅಯ್ಯೋ ಬೆರಳು!" ಎಂದು ಕೂಗಿ ಸ್ಟೂಲಿನಿಂದ ಜಿಗಿದ.

ತಮ್ಮ ಮಿಷನ್ ಕಡೆ ನೋಡಲೇ ಇಲ್ಲ. "ಯಾವಾಗಿಂದ?" ಎಂದ.

"ಏನು ಯಾವಾಗಿಂದ?"

"ಕೈ."

"ಇವತ್ತೇ ಸ್ವಲ್ಪ..."

"ಸುಳ್ಳು" ಎಂದೆ ನಾನು. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ.

ತಮ್ಮ ಚೀಲದಿಂದ ಗಂಟು ತೆಗೆದು ಕೌಂಟರಿನ ಮೇಲೆ ಬಿಚ್ಚಿದ. ಸುಟ್ಟ ಮೋಟಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಪುಟ್ಟ ಮುಚ್ಚಳವನ್ನು ಎತ್ತಿ ಅವಳ ಅಂಗೈಯಲ್ಲಿ ಇಟ್ಟ. "ಥ್ರೆಡ್ ನೋಡು. ತಿರುಪಿನ ಗೆರೆ ಸವೆದು ನುಣ್ಣಗಾಗಿದೆ. ಇದು ಸಡಿಲ ಆಯ್ತು, ಕಾರ್ಬನ್ ಸರಿಯಾಗಿ ಒತ್ತಲಿಲ್ಲ, ಕಿಡಿ ಹಾರಿ ಹಾರಿ ಮೋಟಾರು ಸುಟ್ಟಿತು. ಈ ಮಿಷನ್ ಕೆಲಸ ಮಾಡಿ ಸತ್ತಿದ್ದಲ್ಲ. ಬಿಚ್ಚಿ ಬಿಚ್ಚಿ ಸತ್ತಿದ್ದು."

ಅವಳ ಮುಖ ಸುಣ್ಣದ ಹಾಗಾಯಿತು. "ನಿಮಗೆ ಗೊತ್ತಿತ್ತಾ?"

"ಕಾರ್ಬನ್ ಕಣ್ಣಿಗೆ ಕಾಣುತ್ತಲ್ಲೇ. ನೀನು ಎಳೀತಿಲ್ಲ ಅಂತ ತಂದುಕೊಡ್ತಿದ್ದೆ. ತೆಗೆದು ನೋಡಿದ್ರೆ ಹೊಸದರ ಹಾಗೇ ಇರ್ತಿತ್ತು. ಒರೆಸಿ ಅದನ್ನೇ ವಾಪಸ್ ಹಾಕ್ತಿದ್ದೆ. ಈಗ ಸರಿ ಹೋಯ್ತು ಅಂತಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನಾನು ಎದ್ದು ಬಂದು ಮೇಜಿಗೆ ಕೂತ್ರೆ ನಿನ್ನ ಮುಖ ಹೇಗಾಗ್ತಿತ್ತು ಗೊತ್ತಾ? ಆ ಮುಖ ನೋಡೋದಕ್ಕೆ ಏಳ್ತಿದ್ದೆ. ಇಲ್ಲ, ಇದರಲ್ಲಿ ಏನೂ ಕೆಟ್ಟಿಲ್ಲ ಅಂತ ಹೇಗೆ ಹೇಳ್ಲಿ?"

"ನಾನು ನಿಮಗೋಸ್ಕರ..."

"ನಾನೂ ನಿನಗೋಸ್ಕರಾನೇ."

"ಅಂದ್ರೆ ಇಬ್ಬರೂ ಸೇರಿ ಗಟ್ಟಿಮುಟ್ಟಾಗಿದ್ದ ಮಿಷನ್ನನ್ನ ಪ್ರೀತಿಯಿಂದ ಕೊಂದ್ರಿ" ಎಂದೆ. ಅಂಗಡಿಯವನು ನಕ್ಕ. ಯಾರೂ ಜೊತೆಗೂಡದ್ದನ್ನು ನೋಡಿ ನಗು ನಿಲ್ಲಿಸಿ, ಗೀರಿದ ಹಲಗೆಯನ್ನು ಒರೆಸತೊಡಗಿದ.

"ಅದಕ್ಕೇ ನಾನು ಬಿಚ್ಚಕ್ಕಾಗದ್ದು ತಗೋ ಅಂದಿದ್ದು" ಎಂದ ತಮ್ಮ.

"ಆಮೇಲೆ ನೀವು ಏನ್ ಮಾಡ್ತೀರಿ?" ಎಂದು ಅವಳು ಕೇಳಿದಳು. ಇಷ್ಟು ದಿನ ಎರಡು ಮಿಷನ್ನುಗಳ ನಡುವೆ ಎಲ್ಲರೂ ಸುತ್ತು ಹೊಡೆದದ್ದು ಈ ಒಂದು ಪ್ರಶ್ನೆ ಕೇಳಲಾಗದೆ.

"ಗೊತ್ತಿಲ್ಲ" ಎಂದ. "ನಿಜವಾಗ್ಲೂ ಗೊತ್ತಿಲ್ಲ. ಆದ್ರೆ ನನ್ನನ್ನ ಏಳಿಸೋದಕ್ಕೆ ನೀನು ಆ ಭಾರ ಹೊರೋದು ಬೇಡ" ಎಂದ.

ಬ್ರಶ್‌ಲೆಸ್ ಕೊಂಡೆವು. ನಿಜ ಹೊರಬಂದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆ ಸುಳ್ಳು ಇದ್ದಾಗ ಮನೆಯಲ್ಲಿ ಸಂಜೆಗೆ ಒಂದು ಕೆಲಸವಿತ್ತು, ಮಾತಿತ್ತು. ಈಗ ಅದೂ ಇಲ್ಲ. ಸರಿಯಾದದ್ದನ್ನು ಕೊಂಡೆವೋ ತಪ್ಪಾದದ್ದನ್ನೋ, ಯಾರನ್ನು ಕೇಳುವುದು? ಪ್ಲಂಬರನನ್ನಂತೂ ಅಲ್ಲ.

ಹಾಸ್ಟೆಲ್ಲಿನ ಕೆಲಸ ಶುರುವಾದ ದಿನ ಅವಳು ಬೇಗ ಹೊರಟುಹೋದಳು. ತಮ್ಮ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತಿದ್ದ. ಮೇಜಿನ ಮೇಲೆ ಕೈಯಾಡಿಸಿದ. ಮಧ್ಯಾಹ್ನ ನಾನು ತಟ್ಟೆ ಹಾಕಿ ಕರೆದರೆ ಬರಲಿಲ್ಲ. ಹೋಗಿ ನೋಡಿದೆ. ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅಡುಗೆಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಸಂಜೆ ಅವಳು ಬಂದಳು. ಮಿಷನ್ ಮೇಜಿನ ಮೇಲಿಟ್ಟಳು. ಕೋಣೆಯೊಳಗೆ ಇಣುಕಿದಳು. ಮಂಚವನ್ನು ನೋಡಿದಳು. ನಾನು ಏನೂ ಹೇಳಬೇಕಾಗಲಿಲ್ಲ. ಚಪ್ಪಲಿ ಕೂಡ ಬಿಡದೆ ಹೋಗಿ ಅವನ ಬೆನ್ನ ಹಿಂದೆ ನಿಂತಳು.

"ರೀ."

"ಹೂಂ."

"ಮಿಷನ್ ಚೆನ್ನಾಗಿ ಓಡ್ತು."

"ಹೂಂ."

ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಆಮೇಲೆ ಅವಳ ದನಿ ಕೇಳಿಸಿತು. ಅದು ದೂರು ಹೇಳುವಾಗಿನ ರಾಗದ ದನಿಯಲ್ಲ, ನಾನು ಯಾವತ್ತೂ ಕೇಳದ ಒಂದು ಸಣ್ಣ ದನಿ.

"ಕೈ ತುಂಬಾ ನೋಯ್ತದೆ ರೀ. ಹಗುರದ್ದು ಹಿಡಿದ್ರೂ ನೋಯ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚೋದಕ್ಕೇ ಆಗಲ್ಲ. ನನಗೆ ಹೆದರಿಕೆ ಆಗ್ತಿದೆ."

ಮಂಚ ಕಿರುಗುಟ್ಟಿತು. ತಮ್ಮ ಎದ್ದು ಕೂತು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡ. ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಲ್ಲಿ ಮಣಿಕಟ್ಟನ್ನು ಒತ್ತುತ್ತ ಹೋದ. "ಇಲ್ಲಿನಾ? ಇಲ್ಲಿನಾ?" ಎಂದು ಕೇಳಿದ. "ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ" ಎಂದು ಅವಳು ಹೇಳುತ್ತಿದ್ದಳು, ಹೇಳುತ್ತ ಅಳುತ್ತಿದ್ದಳು. ನಾನು ಬಾಗಿಲು ಮುಂದಕ್ಕೆಳೆದು ಈಚೆ ಬಂದೆ.

ಎರಡು ಮಿಷನ್ನುಗಳಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನೂ ಈಗ "ಹಂಗಂತ ಹೇಳಕ್ಕಾಗಲ್ಲ" ಎನ್ನುತ್ತೇನೆ. ಎಂಥ ಅವಮಾನ ನನಗೆ. ಅವಳ ಕೈ ಏನಾಗುತ್ತದೋ, ಡಾಕ್ಟರು ಏನು ಹೇಳುತ್ತಾರೋ, ಹಾಸ್ಟೆಲ್ಲಿನ ಕೆಲಸ ಅವಳಿಂದ ಮುಗಿಯುತ್ತದೋ ಇಲ್ಲವೋ, ಒಂದೂ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ತಮ್ಮ ಒಲೆಯ ಮುಂದೆ ನಿಂತಿದ್ದ. ಪಾತ್ರೆಯಲ್ಲಿ ನೀರು ಕಾಯುತ್ತಿತ್ತು, ಅವನು ಎಡಗೈ ಬೆರಳದ್ದಿ ಬಿಸಿ ನೋಡುತ್ತಿದ್ದ.

"ಇಷ್ಟು ಬೇಗ ಯಾಕೋ ಎದ್ದೆ?" ಎಂದೆ.

"ಅವಳು ಏಳೋ ಹೊತ್ತಾಯ್ತಲ್ಲ" ಎಂದ. "ಬೆರಳು ಮಡಚೋಕೆ ಬಿಸಿನೀರು ಬೇಕು."